ಬಿಂದುಗಳ ಮಿತವ್ಯಯ: ಸಾಮಾನ್ಯ ಗಣಕಗಳಲ್ಲಿ ಆಟದ ರೆಸಲ್ಯೂಷನ್ ಹೊಂದಾಣಿಕೆಯ ಇತಿಹಾಸ

೧

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗಕ್ಕೆ ಸೇರಿದವು. ಅಡಕೆಯ ತೋಟಗಳ ಅಂಚಿನಲ್ಲಿ ಒಂದಕ್ಕೊಂದು ದೂರವಾಗಿ ಚದುರಿದ ಮನೆಗಳು ಇಲ್ಲಿಯ ವಸತಿಯ ಲಕ್ಷಣ. ಇಂಥ ಮನೆಗಳಿಗೂ ಗಣಕವು ಪ್ರವೇಶಿಸಿ ಹಲವು ವರ್ಷಗಳಾದುವು. ಲೆಕ್ಕಪತ್ರಕ್ಕೋ ವಿದ್ಯಾಭ್ಯಾಸಕ್ಕೋ ಎಂದು ಕೊಂಡ ಸಾಮಾನ್ಯ ಶಕ್ತಿಯ ಯಂತ್ರದಲ್ಲಿ ವಿದ್ಯಾರ್ಥಿಯೊಬ್ಬನು ಹೊಸ ಆಟವೊಂದನ್ನು ತೆರೆದಾಗ ಚಿತ್ರವು ತಡೆತಡೆದು ಚಲಿಸುವುದೂ, ಬಲ್ಲ ಗೆಳೆಯನು 'ರೆಸಲ್ಯೂಷನ್ ಇಳಿಸು' ಎಂದು ಸಲಹೆ ಕೊಡುವುದೂ ಇಂದು ಅಪರೂಪದ ಸಂಗತಿಗಳಲ್ಲ. ಹೀಗೆ ಇಳಿಸುವುದು ಬಡವನ ಉಪಾಯ, ಒಳ್ಳೆಯ ಯಂತ್ರವಿಲ್ಲದವನು ಒಪ್ಪಿಕೊಳ್ಳಬೇಕಾದ ಕೊರತೆ ಎಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆಯನ್ನು ಇತಿಹಾಸವು ಸಮರ್ಥಿಸುವುದಿಲ್ಲವೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ರೆಸಲ್ಯೂಷನ್ ಎಂದರೆ ಪರದೆಯ ಚಿತ್ರವನ್ನು ಎಷ್ಟು ಬಿಂದುಗಳಿಂದ ರಚಿಸಲಾಗಿದೆ ಎಂಬುದರ ಅಳತೆ. ಅಂಗಳದ ಚುಕ್ಕಿ ರಂಗೋಲಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಅಂಗಳವು ಅಷ್ಟೇ ಇರಲಾಗಿ, ಚುಕ್ಕಿಗಳು ಹೆಚ್ಚಿದಷ್ಟೂ ಚಿತ್ರವು ಸೂಕ್ಷ್ಮವಾಗುತ್ತದೆ, ಇಡುವ ಕೈಗೆ ಶ್ರಮವೂ ಹೊತ್ತೂ ಹೆಚ್ಚುತ್ತವೆ. ಗಣಕದ ಆಟದಲ್ಲಿ ಈ ರಂಗೋಲಿಯನ್ನು ಒಂದು ಸೆಕೆಂಡಿಗೆ ೩೦ ಅಥವಾ ೬೦ ಬಾರಿ ಅಳಿಸಿ ಹೊಸದಾಗಿ ಬರೆಯಬೇಕು. ಸೆಕೆಂಡಿಗೆ ೬೦ ಚಿತ್ರಗಳಾದರೆ ಒಂದೊಂದಕ್ಕೂ ದೊರೆಯುವ ಅವಕಾಶ ಸುಮಾರು ೧೬.೭ ಮಿಲಿಸೆಕೆಂಡು ಮಾತ್ರ. ಆ ಅವಧಿಯಲ್ಲಿ ಮುಗಿಯದ ಚಿತ್ರವು ತಡವಾಗಿ ಬರುತ್ತದೆ. ತಡವಾಗಿ ಬಂದ ಚಿತ್ರಗಳ ಸಾಲೇ ಆಟಗಾರನ ಕಣ್ಣಿಗೆ ತಡವರಿಕೆಯಾಗಿ ಕಾಣುತ್ತದೆ.

೨

ಭಾರತದ ಶಾಲೆಗಳಲ್ಲಿ ಗಣಕಶಿಕ್ಷಣವನ್ನು ಪ್ರಾಯೋಗಿಕವಾಗಿ ಆರಂಭಿಸಿದ 'ಕ್ಲಾಸ್' ಎಂಬ ಯೋಜನೆ ೧೯೮೪ರಲ್ಲಿ ಜಾರಿಗೆ ಬಂದಿತು. ಅದಕ್ಕಾಗಿ ಆರಿಸಿದ ಯಂತ್ರ ಇಂಗ್ಲೆಂಡಿನ ಬಿಬಿಸಿ ಮೈಕ್ರೊ. ಇದರ ಸ್ಮೃತಿ ಕೇವಲ ೩೨ ಕಿಲೋಬೈಟು. ಚಿತ್ರವೂ ಆಟದ ನಿಯಮಗಳೂ ಈ ಒಂದೇ ಕಣಜದಿಂದ ಪಾಲು ಪಡೆಯಬೇಕಾಗಿದ್ದುವು. ಆದುದರಿಂದ ಯಂತ್ರವನ್ನು ರಚಿಸಿದವರೇ ಚಿತ್ರಕ್ಕೆ ಹಲವು ಕ್ರಮಗಳನ್ನು ಒದಗಿಸಿದ್ದರು. ಅಡ್ಡಲಾಗಿ ೬೪೦, ಉದ್ದಕ್ಕೆ ೨೫೬ ಬಿಂದುಗಳ ಕ್ರಮದಲ್ಲಿ ಎರಡೇ ಬಣ್ಣ ದೊರೆಯುತ್ತಿದ್ದು, ಅದಕ್ಕೆ ೨೦ ಕಿಲೋಬೈಟು ವೆಚ್ಚವಾಗುತ್ತಿತ್ತು. ೩೨೦ಕ್ಕೆ ೨೫೬ರ ಎರಡು ಬಣ್ಣದ ಕ್ರಮಕ್ಕೂ, ೧೬೦ಕ್ಕೆ ೨೫೬ರ ನಾಲ್ಕು ಬಣ್ಣದ ಕ್ರಮಕ್ಕೂ ತಲಾ ೧೦ ಕಿಲೋಬೈಟು ಸಾಕಾಗುತ್ತಿತ್ತು. ಬರಿಯ ಅಕ್ಷರಗಳ ಕ್ರಮಕ್ಕೆ ಬೇಕಾದುದು ಒಂದೇ ಕಿಲೋಬೈಟು.

ಅದೇ ೧೯೮೪ರಲ್ಲಿ ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬೆನ್ ಎಂಬವರು ಈ ಯಂತ್ರಕ್ಕಾಗಿ ರಚಿಸಿದ 'ಎಲೀಟ್' ಎಂಬ ಆಟವು ಈ ಮಿತವ್ಯಯದ ಉತ್ತಮ ನಿದರ್ಶನ. ಪರದೆಯ ಮೇಲ್ಭಾಗದ ಆಕಾಶದೃಶ್ಯಕ್ಕೆ ಸೂಕ್ಷ್ಮರೇಖೆ ಬೇಕು, ಬಣ್ಣ ಬೇಡ. ಕೆಳಭಾಗದ ಮಾಪಕಗಳಿಗೆ ಬಣ್ಣ ಬೇಕು, ಸೂಕ್ಷ್ಮತೆ ಅಷ್ಟಾಗಿ ಬೇಡ. ಇದನ್ನರಿತು ಅವರು ಒಂದೇ ಪರದೆಯ ಮೇಲ್ಭಾಗವನ್ನು ಎರಡು ಬಣ್ಣದ ಸೂಕ್ಷ್ಮ ಕ್ರಮದಲ್ಲಿಯೂ ಕೆಳಭಾಗವನ್ನು ನಾಲ್ಕು ಬಣ್ಣದ ಸ್ಥೂಲ ಕ್ರಮದಲ್ಲಿಯೂ ತೋರಿಸಿದರು. ಇಲ್ಲಿ ಕರ್ತರು ಕೇಳಿಕೊಂಡ ಪ್ರಶ್ನೆ 'ಎಷ್ಟು ಇಳಿಸಬೇಕು' ಎಂಬುದಲ್ಲ. 'ಎಲ್ಲಿ ಇಳಿಸಬೇಕು, ಎಲ್ಲಿ ಉಳಿಸಬೇಕು' ಎಂಬುದು. ಮುಂದಿನ ಇತಿಹಾಸವೆಲ್ಲ ಈ ಪ್ರಶ್ನೆಯ ವಿಸ್ತರಣವೆಂದರೆ ತಪ್ಪಾಗಲಾರದು.

೩

೧೯೮೭ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ವಿಜಿಎ ಕ್ರಮವು ೩೨೦ಕ್ಕೆ ೨೦೦, ಅಂದರೆ ೬೪,೦೦೦ ಬಿಂದುಗಳಲ್ಲಿ ೨೫೬ ಬಣ್ಣಗಳನ್ನು ತೋರಿಸಬಲ್ಲುದಾಗಿತ್ತು. ೧೯೯೩ರ ಡಿಸೆಂಬರಿನಲ್ಲಿ ಪ್ರಕಟವಾದ 'ಡೂಮ್' ಎಂಬ ಪ್ರಸಿದ್ಧ ಆಟವು ಈ ಕ್ರಮದಲ್ಲಿಯೇ ನಡೆಯುತ್ತಿತ್ತು. ಅಂದಿನ ಸಾಮಾನ್ಯ ಯಂತ್ರಗಳಿಗೆ ಇದೂ ಭಾರವೇ. ಆದುದರಿಂದ ಅದರ ಕರ್ತರು ಆಟಗಾರನ ಕೈಗೆ ಎರಡು ಸಾಧನಗಳನ್ನು ಕೊಟ್ಟರು. ಒಂದು, ದೃಶ್ಯದ ಕಿಟಕಿಯನ್ನೇ ಚಿಕ್ಕದಾಗಿಸಿ ಸುತ್ತಲೂ ಅಂಚು ಕಟ್ಟುವುದು. ಇನ್ನೊಂದು, ಅಡ್ಡಸಾಲಿನ ಬಿಂದುಗಳನ್ನು ಎರಡೆರಡಾಗಿ ಕೂಡಿಸಿ ಅರ್ಧ ಶ್ರಮದಲ್ಲಿ ಬರೆಯುವುದು. ಗಮನಿಸತಕ್ಕ ಅಂಶವೆಂದರೆ, ಈ ಎರಡೂ ಸಾಧನಗಳು ದೃಶ್ಯವನ್ನು ಕುಗ್ಗಿಸುತ್ತಿದ್ದುವೇ ಹೊರತು ಕೆಳಗಿನ ಪಟ್ಟಿಯ ಅಂಕಿಗಳನ್ನು ಮಸುಕುಗೊಳಿಸುತ್ತಿರಲಿಲ್ಲ. ಓದಬೇಕಾದುದು ಓದುವಂತೆಯೇ ಉಳಿಯುತ್ತಿತ್ತು.

೧೯೯೬ರಲ್ಲಿ ತ್ರೀಡಿಎಫ್‌ಎಕ್ಸ್ ಸಂಸ್ಥೆಯ ವೂಡೂ ಕಾರ್ಡು ಬಂದ ಮೇಲೆ ಚಿತ್ರರಚನೆಯ ಹೊರೆಯು ಮುಖ್ಯ ಗಣಕದಿಂದ ಪ್ರತ್ಯೇಕ ಕಾರ್ಡಿಗೆ ಸರಿಯಿತು. ೬೪೦ಕ್ಕೆ ೪೮೦ ಬಿಂದುಗಳ ಆಟವು ಸುಗಮವಾಯಿತು. ಅಂದಿನಿಂದ ಕಾರ್ಡುಳ್ಳವರು, ಕಾರ್ಡಿಲ್ಲದವರು ಎಂಬ ಭೇದವು ಆಟಗಾರರಲ್ಲಿ ಬೇರೂರಿತು. ರೆಸಲ್ಯೂಷನ್ ಇಳಿಸುವುದು ಕೊರತೆಯ ಚಿಹ್ನೆಯೆಂಬ ಭಾವನೆ ಬಲಗೊಂಡುದು ಈ ಕಾಲದಲ್ಲಿ ಎನ್ನಬಹುದು.

ಇದಕ್ಕೆ ಇನ್ನೊಂದು ಕಾರಣವನ್ನು ಚಪ್ಪಟೆ ಪರದೆಗಳು ಒದಗಿಸಿದುವು. ಹಳೆಯ ಗಾಜುಗೊಳವೆಯ ಪರದೆಯು ಬೇರೆ ಬೇರೆ ರೆಸಲ್ಯೂಷನ್ನುಗಳನ್ನು ಸಹಜವಾಗಿಯೇ ತೋರಿಸುತ್ತಿತ್ತು. ದ್ರವಸ್ಫಟಿಕದ ಪರದೆಗೆ ತನ್ನದೇ ಆದ ಸ್ಥಿರ ಬಿಂದುಸಂಖ್ಯೆ ಉಂಟು. ೧೯೨೦ಕ್ಕೆ ೧೦೮೦ ಬಿಂದುಗಳ ಪರದೆಯ ಮೇಲೆ ೧೨೮೦ಕ್ಕೆ ೭೨೦ರ ಚಿತ್ರವನ್ನು ಹಾಸಿದರೆ, ಚಿತ್ರದ ಒಂದು ಬಿಂದು ಪರದೆಯ ಒಂದೂವರೆ ಬಿಂದುವನ್ನು ಆವರಿಸಬೇಕಾಗುತ್ತದೆ. ಅರ್ಧ ಬಿಂದು ಎಂಬುದಿಲ್ಲವಾದುದರಿಂದ ಯಂತ್ರವು ನೆರೆಯ ಬಿಂದುಗಳನ್ನು ಬೆರೆಸುತ್ತದೆ, ಚಿತ್ರವು ಮಂಜಾಗುತ್ತದೆ. ಸಾಮಾನ್ಯ ಯಂತ್ರದವನು ಶಕ್ತಿಯ ಅಭಾವಕ್ಕಾಗಿ ಒಮ್ಮೆಯೂ ಪರದೆಯ ಸ್ವಭಾವಕ್ಕಾಗಿ ಇನ್ನೊಮ್ಮೆಯೂ ದಂಡ ತೆರುವಂತಾಯಿತು.

ಈಚಿನ ಆಟಗಳು ಈ ಸಮಸ್ಯೆಗೆ ಕಂಡುಕೊಂಡ ಪರಿಹಾರವು ಹೊಸದೆನಿಸಿದರೂ ತತ್ತ್ವತಃ 'ಎಲೀಟ್'ನ ಮಾರ್ಗವೇ ಆಗಿದೆ. 'ರೆಂಡರ್ ಸ್ಕೇಲ್' ಎಂಬ ಹೊಂದಾಣಿಕೆಯಲ್ಲಿ ಆಟದ ಲೋಕವನ್ನು ಮಾತ್ರ ಕಡಿಮೆ ಬಿಂದುಗಳಲ್ಲಿ ಬರೆದು ಹಿಗ್ಗಿಸಿ, ಅಕ್ಷರ ಅಂಕಿಗಳನ್ನು ಪರದೆಯ ಪೂರ್ಣ ಬಿಂದುಗಳಲ್ಲಿಯೇ ಮೂಡಿಸುತ್ತಾರೆ. ಎನ್‌ವಿಡಿಯಾ ಸಂಸ್ಥೆ ೨೦೧೮ರಲ್ಲಿ ಪ್ರಕಟಿಸಿದ ಡಿಎಲ್‌ಎಸ್‌ಎಸ್ ಮತ್ತು ಎಎಂಡಿ ಸಂಸ್ಥೆ ೨೦೨೧ರಲ್ಲಿ ಹೊರತಂದ ಎಫ್‌ಎಸ್‌ಆರ್ ಎಂಬ ವಿಧಾನಗಳು ಹಿಗ್ಗಿಸುವ ಕೆಲಸವನ್ನು ಹೆಚ್ಚು ಜಾಣತನದಿಂದ ಮಾಡುತ್ತವೆ. ಇವುಗಳಲ್ಲಿ ಮೊದಲನೆಯದಕ್ಕೆ ಆ ಸಂಸ್ಥೆಯ ವಿಶೇಷ ಕಾರ್ಡು ಬೇಕು. ಎರಡನೆಯದು ಮೊದಲ ರೂಪದಲ್ಲಿ ಹಳೆಯ, ಅಗ್ಗದ ಕಾರ್ಡುಗಳಲ್ಲಿಯೂ ನಡೆಯುವಂತಿತ್ತು. ಅತಿ ಬೆಲೆಯ ಕಾರ್ಡುಳ್ಳವರೂ ಇಂದು ಕಡಿಮೆ ಬಿಂದುಗಳಲ್ಲಿ ಬರೆದು ಹಿಗ್ಗಿಸಿಕೊಳ್ಳುತ್ತಿರುವಾಗ, ಇದನ್ನು ಬಡವನ ಉಪಾಯವೆನ್ನಲು ಆಧಾರವಿಲ್ಲ.

೪

ಇನ್ನು ಈ ಇತಿಹಾಸವು ನಮ್ಮ ಮೂರು ತಾಲ್ಲೂಕುಗಳ ವಿದ್ಯಾರ್ಥಿಗೆ ಏನನ್ನು ಕಲಿಸುತ್ತದೆಂಬುದನ್ನು ನೋಡಬಹುದು. ೧೯೨೦ಕ್ಕೆ ೧೦೮೦ ಎಂದರೆ ೨೦,೭೩,೬೦೦ ಬಿಂದುಗಳು; ೧೨೮೦ಕ್ಕೆ ೭೨೦ ಎಂದರೆ ೯,೨೧,೬೦೦. ಅಂದರೆ ಬಿಂದುಗಳ ಹೊರೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ರೆಂಡರ್ ಸ್ಕೇಲನ್ನು ಪ್ರತಿಯೊಂದು ಬದಿಗೆ ಶೇಕಡಾ ೭೫ಕ್ಕೆ ಇಳಿಸಿದರೆ ಹೊರೆಯು ಸುಮಾರು ಶೇಕಡಾ ೫೬ಕ್ಕೆ ಇಳಿಯುತ್ತದೆ. ಪ್ರತ್ಯೇಕ ಕಾರ್ಡಿಲ್ಲದ ಲ್ಯಾಪ್‌ಟಾಪುಗಳಲ್ಲಿ ಚಿತ್ರರಚನೆಯು ಮುಖ್ಯ ಸ್ಮೃತಿಯನ್ನೇ ಹಂಚಿಕೊಳ್ಳುವುದರಿಂದ ಈ ಉಳಿತಾಯಕ್ಕೆ ವಿಶೇಷ ಬೆಲೆಯುಂಟು.

ಆದರೆ ಎಲ್ಲ ತಡವರಿಕೆಗೂ ಇದೇ ಮದ್ದಲ್ಲ. ರೆಸಲ್ಯೂಷನ್ ಇಳಿಸಿದ ಮೇಲೂ ವೇಗವು ಹೆಚ್ಚದಿದ್ದರೆ, ಹೊರೆಯಿರುವುದು ಬಿಂದುಗಳಲ್ಲಲ್ಲ. ಪಾತ್ರಗಳ ಚಲನೆ ಮೊದಲಾದುವನ್ನು ಲೆಕ್ಕಹಾಕುವ ಮುಖ್ಯ ಸಂಸ್ಕಾರಕದಲ್ಲಿ ಎಂದು ತಿಳಿಯಬೇಕು. ಆಗ ಬಿಂದುಗಳನ್ನು ಮತ್ತೂ ಕಳೆಯುವುದು ನಿರರ್ಥಕ. ಕಾಣುವ ದೂರವನ್ನೂ ಪಾತ್ರಗಳ ಸಂಖ್ಯೆಯನ್ನೂ ಕಡಿಮೆ ಮಾಡುವುದು ಯುಕ್ತ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಬ್ಯಾಟರಿಯಿಂದ ನಡೆಯುವ ಲ್ಯಾಪ್‌ಟಾಪು ಅನೇಕ ವೇಳೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಸೆಕೆಂಡಿಗೆ ೩೦ ಚಿತ್ರಗಳೆಂದು ಮಿತಿ ಕಟ್ಟಿಕೊಳ್ಳುವುದರಿಂದ ಚಲನೆಯೂ ಸಮವಾಗುತ್ತದೆ, ಬ್ಯಾಟರಿಯೂ ಬಾಳುತ್ತದೆ.

ಇಷ್ಟೇ ಮುಖ್ಯವಾದ ಇನ್ನೊಂದು ಭೇದವುಂಟು. ೨೦೨೦ರಲ್ಲಿ ಕಾಲೇಜುಗಳು ಮುಚ್ಚಿದ್ದಾಗ, ಜಾಲದ ಸಂಕೇತವನ್ನು ಹುಡುಕುತ್ತ ವಿದ್ಯಾರ್ಥಿಗಳು ಗುಡ್ಡವನ್ನೇರಿದ ಸಂಗತಿ ಶಿರಸಿ ತಾಲ್ಲೂಕಿನಿಂದಲೂ ವರದಿಯಾಯಿತು. ಆ ವರ್ಷದ ಮಾರ್ಚಿನಲ್ಲಿ ಭಾರತದ ಪ್ರಮುಖ ವೀಡಿಯೊ ಸಂಸ್ಥೆಗಳು ಮೊಬೈಲ್ ಜಾಲದಲ್ಲಿ ಚಿತ್ರವನ್ನು ತಾತ್ಕಾಲಿಕವಾಗಿ ೪೮೦ ಸಾಲುಗಳಿಗೆ ಮಿತಗೊಳಿಸಿದುವು. ವೀಡಿಯೊದಲ್ಲಿ ಚಿತ್ರವೇ ಜಾಲದ ಮೂಲಕ ಬರುವುದರಿಂದ ಈ ಮಿತಿಯು ಜಾಲದ ಹೊರೆಯನ್ನು ಇಳಿಸಿತು. ಗಣಕದಲ್ಲಿ ಸ್ಥಾಪಿಸಿದ ಆಟದ ರೀತಿ ಬೇರೆ. ಅಲ್ಲಿ ಚಿತ್ರವು ಮನೆಯ ಯಂತ್ರದಲ್ಲಿಯೇ ಹುಟ್ಟುತ್ತದೆ. ಜಾಲದಲ್ಲಿ ಹರಿಯುವುದು ಪಾತ್ರಗಳ ಸ್ಥಾನ, ಚಲನೆ ಮೊದಲಾದ ಅಲ್ಪ ಸಮಾಚಾರ ಮಾತ್ರ. ಆದುದರಿಂದ ಜಾಲದ ತಡವನ್ನು ರೆಸಲ್ಯೂಷನ್ ಇಳಿಸಿ ನೀಗಲಾಗದು. ಈ ಎರಡನ್ನು ಬೆರಸಿ, ತಪ್ಪಿಲ್ಲದ ಯಂತ್ರವನ್ನು ದೂರುವುದು ಹಳ್ಳಿಗಾಡಿನಲ್ಲಿ ಸುಲಭವಾಗಿ ಸಂಭವಿಸುವ ಪ್ರಮಾದ.

೫

ಕಡೆಯದಾಗಿ ಕನ್ನಡ ಲಿಪಿಯ ವಿಷಯ. ಐದು ಬಿಂದು ಅಗಲ, ಏಳು ಬಿಂದು ಎತ್ತರದ ಜಾಳಿಗೆಯಲ್ಲಿ ರೋಮನ್ ದೊಡ್ಡಕ್ಷರಗಳನ್ನೆಲ್ಲ ಬರೆಯಬಹುದು. 'ಸ್ತ್ರೀ' ಎಂಬ ನಮ್ಮ ಅಕ್ಷರಕ್ಕೆ ಆ ಜಾಳಿಗೆ ಏನೇನೂ ಸಾಲದು. ಗುಣಿತವು ಮೇಲೆ, ಅಕ್ಷರವು ನಡುವೆ, ಒತ್ತುಗಳು ಕೆಳಗೆ ಹೀಗೆ ಮೂರು ನೆಲೆಗಳಿಗೆ ಎಡೆ ಬೇಕು. 'ಪ' ಮತ್ತು 'ಷ'ಗಳ ಅಂತರ ಒಳಗಿನ ಒಂದು ಗೆರೆ. 'ದ' ಮತ್ತು 'ಧ'ಗಳ ಅಂತರ ಕೆಳಗಿನ ಒಂದು ಸೀಳು. ಬಿಂದುಗಳು ಕಡಿಮೆಯಾದಾಗ ಮೊದಲು ಅಳಿಯುವುವು ಇವೇ.

ಈ ತೊಡಕು ಹೊಸದಲ್ಲ. ೧೯೮೦ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಸಿಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರವು, ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ತರಲು ಗಣಕಕ್ಕೆ ಪ್ರತ್ಯೇಕ ಕಾರ್ಡನ್ನೇ ಸೇರಿಸಬೇಕಾಯಿತು. ಆಟದವರು ಚಿತ್ರಕ್ಕಾಗಿ ಕಾರ್ಡು ಕೊಳ್ಳುವ ಮೊದಲೇ ನಾವು ಅಕ್ಷರಕ್ಕಾಗಿ ಕಾರ್ಡು ಕೊಳ್ಳಬೇಕಾಗಿದ್ದಿತು! ೨೦೦೧ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾದ ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕವು ೩೨೦ಕ್ಕೆ ೨೪೦ ಬಿಂದುಗಳ ಪರದೆಯಲ್ಲಿ ನಮ್ಮ ಭಾಷೆಗಳ ಜನರನ್ನು ತಲುಪಲು ಹೊರಟಿತು. ಅದರ ಕರ್ತರು ಬರಹದ ಜೊತೆಗೆ, ಪಠ್ಯವನ್ನು ಧ್ವನಿಯಾಗಿ ಓದಿ ಹೇಳುವ ವ್ಯವಸ್ಥೆಯನ್ನೂ ಸೇರಿಸಿದ್ದರು. ಕುಗ್ಗಿಸಬೇಕಾದಾಗ ಅರ್ಥವನ್ನು ಬೇರೆ ದಾರಿಯಿಂದ ಉಳಿಸಿಕೊಳ್ಳುವ ವಿವೇಕ ಅದು.

ಆದುದರಿಂದ ಕನ್ನಡದ ವಿದ್ಯಾರ್ಥಿಗೆ ನಿಯಮವು ಸ್ಪಷ್ಟವಾಗಿದೆ. ಆಟಕ್ಕಾಗಿ ಇಡೀ ಗಣಕದ ರೆಸಲ್ಯೂಷನ್ನನ್ನು ಇಳಿಸಬಾರದು; ಇಳಿಸಿದರೆ ಕನ್ನಡ ಬರಹವೆಲ್ಲ ಮಸುಕಾಗುತ್ತದೆ. ಆಟದ ಒಳಗಿನ ಹೊಂದಾಣಿಕೆಯನ್ನು ಮಾತ್ರ ಮುಟ್ಟಬೇಕು. ರೆಂಡರ್ ಸ್ಕೇಲ್ ಇದ್ದಲ್ಲಿ ಅದನ್ನೇ ಮೊದಲು ಇಳಿಸಬೇಕು. ಕನ್ನಡದಲ್ಲಿ ಆಟಗಳನ್ನು ರಚಿಸಲಿರುವ ನಮ್ಮ ತರುಣರೂ, ತಮ್ಮ ಆಟವು ಸಾಮಾನ್ಯ ಯಂತ್ರದಲ್ಲಿ ನಡೆಯಬೇಕಾದರೆ, ದೃಶ್ಯದ ಬಿಂದುಗಳನ್ನೂ ಅಕ್ಷರದ ಬಿಂದುಗಳನ್ನೂ ಬೇರೆಬೇರೆಯಾಗಿ ಇಡುವುದು ಅವಶ್ಯ.

ಶಿರಸಿ ತಾಲ್ಲೂಕಿನಲ್ಲಿಯೇ ಇರುವ ಬನವಾಸಿಯ ಶಾಸನಗಳನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳು ನೋಡಿರುತ್ತಾರೆ. ಕಲ್ಲಿನ ಮೈ ಒರಟಾದಲ್ಲಿ ಕಂಡರಣೆಗಾರನು ಅಕ್ಷರವನ್ನು ದೊಡ್ಡದಾಗಿ ಕೊರೆದಾನು, ಅಲಂಕಾರವನ್ನು ಬಿಟ್ಟಾನು. ಒತ್ತನ್ನು ಬಿಡುವಂತಿಲ್ಲ, ಬಿಟ್ಟರೆ ದಾನ ಕೊಟ್ಟವನ ಹೆಸರೇ ಬೇರೆಯಾದೀತು. ದೊರೆತ ಕಲ್ಲಿನಲ್ಲಿ ಓದುವಂತೆ ಬರೆಯುವುದು ಅವನ ಕೆಲಸವಾಗಿತ್ತು. ದೊರೆತ ಗಣಕದಲ್ಲಿ ಕಾಣುವಂತೆ, ಓದುವಂತೆ, ತಡವರಿಸದಂತೆ ಆಟವನ್ನು ಹೊಂದಿಸಿಕೊಳ್ಳುವವನ ಕೆಲಸವೂ ಅದೇ ಜಾತಿಯದು.