ಕೊನೇ ನಲ್ಲಿ

ಹೋದ ತಿಂಗಳು ಗುಬ್ಬಿ ಕಡೆಯ ನಮ್ಮಜ್ಜಿ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅಜ್ಜಿ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟು, "ಫಿಲ್ಟ್ರು ನೀರು ಕಣಪ್ಪಾ, ಐದ್ ರೂಪಾಯಿ ಕಾಯಿನ್ ಹಾಕಿ ತಂದಿರೋದು, ಧೈರ್ಯವಾಗಿ ಕುಡಿ" ಅಂದ್ರು. ಆಮೇಲೆ ತಮ್ಮಷ್ಟಕ್ಕೇ "ಏನೇ ಅನ್ನು, ನಮ್ಮ ಸೀನೀರು ಬಾವಿ ರುಚಿ ಇದಕ್ಕೆ ಬರಲ್ಲ" ಅಂತ ಗೊಣಗಿಕೊಂಡ್ರು.

ಆ ಗೊಣಗಾಟವೇ ಈ ಬರಹಕ್ಕೆ ಕಾರಣ. ಒಳ್ಳೇ ನೀರು ಯಾವುದು ಅಂತ ಹಿಂದೆ ಹೇಗೆ ತೀರ್ಮಾನ ಮಾಡ್ತಿದ್ರು? ಈಗ ಯಾರು ಮಾಡ್ತಾರೆ?

ಅಜ್ಜಿಯ ಕಾಲದ ಪರೀಕ್ಷೆ ತುಂಬಾ ಸರಳ. ತೊಗರಿಬೇಳೆ ಬೇಯಬೇಕು, ಸೋಪು ನೊರೆ ಬರಬೇಕು. ಬೇಳೆ ಬೇಯದ ನೀರು ಉಪ್ಪುನೀರು, ಅದು ದನಕ್ಕೆ, ಪಾತ್ರೆಗೆ. ಬೇಯುವ ನೀರು ಕುಡಿಯೋಕೆ. ನಾನು ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬ್ಯುರೆಟ್ ಹಿಡಿದು ಗಂಟೆಗಟ್ಟಲೆ ನಿಂತು ಕಂಡುಹಿಡಿದ ಗಡಸುತನವನ್ನೇ ಅಜ್ಜಿ ಒಲೆ ಮೇಲೆ ಕಂಡುಹಿಡೀತಿದ್ರು :) ನೀರು ಮಣ್ಣು ಬಣ್ಣಕ್ಕಿದ್ದರೆ ಚಿಲ್ಲದ ಬೀಜ ತೇಯ್ದು ಹಾಕೋದು, ಇಲ್ಲವೇ ಪಟಿಕ ಆಡಿಸೋದು. ಇವತ್ತು ನಗರಗಳ ದೊಡ್ಡ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಮೊದಲ ಹಂತದಲ್ಲಿ ಸುರಿಯೋದೂ ಅದೇ ಪಟಿಕವನ್ನೇ. ಬಿಂದಿಗೆ ಬಾಯಿಗೆ ಹಳೇ ಸೀರೆ ತುಂಡು ಮಡಿಸಿ ಕಟ್ಟಿ ಸೋಸೋದನ್ನು ನಾವು ನೋಡಿ ನಗ್ತಿದ್ವಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಜೊತೆಯವರು ಇದನ್ನೇ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಹಳೇ ಸೀರೆಯನ್ನು ಹಲವು ಮಡಿಕೆ ಮಾಡಿ ಸೋಸಿದ ಮನೆಗಳಲ್ಲಿ ಕಾಲರಾ ಹೆಚ್ಚುಕಮ್ಮಿ ಅರ್ಧಕ್ಕಿಳಿದಿತ್ತು. ಕಾಲರಾ ಕ್ರಿಮಿ ಅಂಟಿಕೊಳ್ಳೋ ಸಣ್ಣ ಜಲಜೀವಿಗಳನ್ನು ಬಟ್ಟೆ ತಡೆಯುತ್ತೆ.

ಆದ್ರೆ ಉಳಿದರ್ಧ? ಅದು ಕಣ್ಣಿಗೆ ಕಾಣಲ್ಲ, ನಾಲಿಗೆಗೂ ಸಿಗಲ್ಲ. ಬೇಳೆ ಚೆನ್ನಾಗಿ ಬೇಯಿಸೋ ಸೀನೀರೇ ಕಾಲರಾನೂ ತರಬಹುದು. ಸೀನೀರು ಬಾವಿಯ ಬಗ್ಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅದರ ಹಗ್ಗ ಎಲ್ಲರ ಕೈಗೂ ಸಿಗ್ತಿರಲಿಲ್ಲ. 'ನೀರು ಕೆಡುತ್ತೆ' ಅನ್ನೋ ಮಾತಿಗೆ ನಮ್ಮೂರುಗಳಲ್ಲಿ ಬಹಳ ಕಾಲ ಇದ್ದ ಅರ್ಥ ಕ್ರಿಮಿಯದ್ದಲ್ಲ, ಜಾತಿಯದ್ದು. ಮಹಾಡದ ಪುರಸಭೆ 1924ರಲ್ಲೇ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿದ್ದರೂ, 1927ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಮುಟ್ಟಬೇಕಾಯ್ತು. ಅಜ್ಜಿ ಬಾವಿಯ ರುಚಿ ನೆನೆಸಿಕೊಂಡಾಗೆಲ್ಲ ನನಗೆ ಇದೂ ನೆನಪಾಗುತ್ತೆ. ಬೀದಿ ನಲ್ಲಿ ಬಂದದ್ದು ಬರೀ ಅನುಕೂಲಕ್ಕಲ್ಲ.

ಆ ಕಾಲದಲ್ಲಿ ನೀರಿಗೆ ಅಂತಲೇ ಇದ್ದ ಒಬ್ಬ ಮನುಷ್ಯ ನೀರುಗಂಟಿ. ಹಳೇ ಮೈಸೂರಿನ ಕೆರೆಯೂರುಗಳಲ್ಲಿ ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚೋದು ಅವನ ಕೆಲಸ, ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಅವನ ಸಂಬಳ. ನಮ್ಮ ಕಡೆ ಕೆರೆಗಳಿಗೇನೂ ಬರವಿಲ್ಲ. ಶಿಂಷಾ ನದಿಗೆ ಕಟ್ಟಿದ ಕಡಬದ ಕೆರೆಯನ್ನು ರಾಮನೇ ಕಟ್ಟಿಸಿದ ಅಂತ ಐತಿಹ್ಯ ಇದೆ. ಕುಣಿಗಲ್ ದೊಡ್ಡಕೆರೆಯಂತೂ ಜನಪದ ಹಾಡಾಗಿ ನಾಡಿನ ಎಲ್ಲರ ಬಾಯಲ್ಲೂ ಇದೆ. ಆದ್ರೆ ಗಮನಿಸಿ, ನೀರುಗಂಟಿ ಕಾಯ್ತಿದ್ದದ್ದು ಪಾಲನ್ನು, ಅಂದ್ರೆ ಪ್ರಮಾಣವನ್ನು. ಗುಣ ಅವನ ಖಾತೆಯಲ್ಲ. ಇಂದಿಗೂ ನಮ್ಮ ಜಿಲ್ಲೆಯ ನೀರಿನ ಮಾತೆಲ್ಲ ಪಾಲಿನ ಮಾತೇ.

ಪೈಪು ಬಂದಾಗ ಏನಾಯ್ತು ನೋಡಿ. ತುಮಕೂರಿಗೆ ಮೊದಲು ಮೈದಾಳ ಕೆರೆಯ ನೀರು ಬರ್ತಿತ್ತು. ಊರು ಬೆಳೀತು, ಕೆರೆ ಸಾಲದಾಯ್ತು, ಹೇಮಾವತಿ ಬೇಕಾಯ್ತು. ಗೊರೂರು ಅಣೆಕಟ್ಟೆ 1979ರಲ್ಲಿ ಮುಗೀತು, ಸಂಗ್ರಹ ಸುಮಾರು 37 ಟಿಎಂಸಿ. ಅಲ್ಲಿಂದ ಕಾಲುವೆ ಹಿಡಿದು, ಬಾಗೂರು-ನವಿಲೆ ಸುರಂಗ ದಾಟಿ, ಬುಗುಡನಹಳ್ಳಿ ಕೆರೆಗೆ ಬಂದು ನಿಂತ ನೀರು ನಗರದ ನಲ್ಲಿಗೆ ಹೋಗುತ್ತೆ. ತುಮಕೂರಿನ ನಮ್ಮ ಅತ್ತೆ ಮನೆಯಲ್ಲಿ ಕುಡಿಯೋ ನೀರು ಹಾಸನ ಜಿಲ್ಲೆಯಿಂದ ನಡೆದು ಬಂದದ್ದು! ಬಾವಿ ಇದ್ದಾಗ ಬಗ್ಗಿ ನೋಡಿದ್ರೆ ತಳ ಕಾಣ್ತಿತ್ತು. ಸತ್ತ ಇಲಿ ಬಿದ್ದಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು. ಪೈಪಿನಲ್ಲಿ ಬಗ್ಗಿ ನೋಡೋ ಹಾಗಿಲ್ಲ. ನೋಡೋ ಕೆಲಸವನ್ನು ನಾವು ಇನ್ನೊಬ್ಬರಿಗೆ ಒಪ್ಪಿಸಿಬಿಟ್ವಿ.

ಯಾರಿಗೆ? 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, 1976ರ ನಗರ ಪಾಲಿಕೆಗಳ ಕಾಯ್ದೆ ಎರಡೂ ಕುಡಿಯೋ ನೀರನ್ನು ಸ್ಥಳೀಯ ಸಂಸ್ಥೆಯ ಕಡ್ಡಾಯ ಕರ್ತವ್ಯ ಅಂತ ಹೇಳುತ್ತವೆ. ಗುಬ್ಬಿಯಂಥ ಪಟ್ಟಣ ಪಂಚಾಯಿತಿ, ಕುಣಿಗಲ್‌ನಂಥ ಪುರಸಭೆ, ತುಮಕೂರಿನಂಥ ಮಹಾನಗರ ಪಾಲಿಕೆ, ಎಲ್ಲಕ್ಕೂ ಇದೇ. ದೊಡ್ಡ ಯೋಜನೆ ಕಟ್ಟಿಕೊಡೋಕೆ ನಗರ ನೀರು ಸರಬರಾಜು ಮಂಡಳಿ ಇದೆ. ಆದ್ರೆ ದಿನಾ ಬೆಳಗ್ಗೆ ವಾಲ್ವ್ ತಿರುಗಿಸಿ ನೀರು ಬಿಡೋದು ಹೆಚ್ಚಿನ ಕಡೆ ಊರಿನ ಸಂಸ್ಥೆಯ ಜನವೇ. ಒಳ್ಳೇ ನೀರಿಗೆ ಭಾರತದಲ್ಲಿ ಲಿಖಿತ ಅಳತೆ ಇದೆ, 1983ರಲ್ಲಿ ಬಂದ ಐಎಸ್ 10500 ಅನ್ನೋ ಮಾನಕ. ಈಗಿರೋದು 2012ರಲ್ಲಿ ಪರಿಷ್ಕರಿಸಿದ್ದು. ಅದರಲ್ಲಿ ಉದ್ದದ ಪಟ್ಟಿಯೇ ಇದೆ, ನಾನು ಎರಡೇ ಸಾಲು ಹೇಳ್ತೀನಿ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಕಾಣಲೇಬಾರದು. ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಇ-ಕೋಲಿ ಪರೀಕ್ಷೆ ಹೇಗಿರುತ್ತೆ ಅಂದ್ರೆ, ನಲ್ಲಿಯ ಮೂತಿಯನ್ನು ಬೆಂಕಿ ಹಿಡಿದು ಶುದ್ಧ ಮಾಡಿ, ಕ್ರಿಮಿರಹಿತ ಬಾಟಲಿಗೆ ನೀರು ಹಿಡಿದು, ಐಸ್ ಡಬ್ಬದಲ್ಲಿಟ್ಟು ಲ್ಯಾಬಿಗೆ ಕಳಿಸಬೇಕು. ಬಾಟಲಿಯೊಳಗೆ ಮೊದಲೇ ಚೂರು ಥಯೋಸಲ್ಫೇಟ್ ಹಾಕಿರ್ತಾರೆ, ಇಲ್ಲದಿದ್ರೆ ದಾರಿಯಲ್ಲೇ ಕ್ಲೋರಿನ್ ಕ್ರಿಮಿಯನ್ನು ಕೊಂದು ನೀರಿಗೆ ಸುಳ್ಳು ಸರ್ಟಿಫಿಕೇಟ್ ಕೊಟ್ಟುಬಿಡುತ್ತೆ. ಫಲಿತಾಂಶಕ್ಕೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ಆ ನೀರನ್ನು ಬೀದಿಯೆಲ್ಲ ಕುಡಿದಾಗಿರುತ್ತೆ. ಹಾಗಾಗಿ ಆ ಕ್ಷಣಕ್ಕೆ ಉತ್ತರ ಕೊಡೋದು ಕ್ಲೋರಿನ್ ಪರೀಕ್ಷೆ ಒಂದೇ. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯ ನೀರಿಗೆ ಜಾನ್ ಲೀಲ್ ಅನ್ನೋ ವೈದ್ಯ ಕ್ಲೋರಿನ್ ಬೆರೆಸೋಕೆ ಶುರು ಮಾಡಿದಾಗ ಜನ ಅದನ್ನು ವಿಷ ಅಂತಲೇ ಅಂದುಕೊಂಡಿದ್ರು, ವಿಷಯ ಕೋರ್ಟಿನಲ್ಲೂ ಚರ್ಚೆಯಾಯ್ತು. ಹಾಗೆ ನೋಡಿದ್ರೆ ನಮ್ಮಜ್ಜಿಯೂ ಬ್ಲೀಚಿಂಗ್ ವಾಸನೆ ನೀರನ್ನು ವಿಷ ಅಂತಲೇ ಅಂದುಕೊಂಡಿದ್ದಾರೆ.

ಈ 0.2 ಎಲ್ಲಿ ಇರಬೇಕು ಅನ್ನೋದರಲ್ಲೇ ಎಲ್ಲಾ ಇದೆ. ಘಟಕದ ಬಾಗಿಲಲ್ಲಿ ಅಲ್ಲ, ಬಳಸುವವರ ನಲ್ಲಿಯಲ್ಲಿ. ಅಂದ್ರೆ ಊರಿನ ಕೊನೇ ನಲ್ಲಿಯಲ್ಲೂ. ಕ್ಲೋರಿನ್ ದಾರಿಯುದ್ದಕ್ಕೂ ಕೊಳೆಯ ಜೊತೆ ಹೋರಾಡಿ ಖರ್ಚಾಗ್ತಾ ಹೋಗುತ್ತೆ. ಕೊನೆಯಲ್ಲಿ ಇನ್ನೂ ಉಳಿದಿದ್ದರೆ ದಾರಿ ಸುರಕ್ಷಿತವಾಗಿತ್ತು ಅಂತ ಲೆಕ್ಕ. ನಮ್ಮ ಆಫೀಸಿನಲ್ಲಿ ಇದು ದಿನನಿತ್ಯದ ಕಥೆ. ಡ್ಯಾಶ್‌ಬೋರ್ಡ್ ಹಸಿರು ತೋರಿಸ್ತಿರುತ್ತೆ, ಸರ್ವರ್ ಆರಾಮಾಗಿರುತ್ತೆ, ಅತ್ತ ಗ್ರಾಹಕನಿಗೆ ಪೇಜೇ ಓಪನ್ ಆಗಿರಲ್ಲ...

ದಾರಿಯಲ್ಲಿ ಕೆಡೋದು ಹೇಗೆ? ನಮ್ಮ ಊರುಗಳಲ್ಲಿ ನೀರು ದಿನ ಬಿಟ್ಟು ದಿನವೋ, ನಾಲ್ಕು ದಿನಕ್ಕೊಮ್ಮೆಯೋ ಬರುತ್ತೆ. ನಿಂತಾಗ ಪೈಪು ಖಾಲಿ, ಒತ್ತಡ ಇಲ್ಲ. ಬಿರುಕು ಬಿಟ್ಟ ಜಾಯಿಂಟಿನ ಪಕ್ಕದಲ್ಲೇ ಚರಂಡಿ ಇದ್ರೆ ಆ ನೀರು ಒಳಗೆ ಜಿನುಗುತ್ತೆ. ಯಾರೋ ನಲ್ಲಿಗೆ ಮೋಟರ್ ಹಾಕಿದ್ರಂತೂ ಎಳೆದೇ ಎಳೆಯುತ್ತೆ. ಇದು ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ 24 ಗಂಟೆ ನೀರು ಬಂತು, ಉಳಿದ ವಾರ್ಡುಗಳಿಗೆ ಹಳೇ ಪದ್ಧತಿಯೇ ಮುಂದುವರೀತು. ಸಂಶೋಧಕರು ಎರಡೂ ಕಡೆ ನಲ್ಲಿ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ರು. ಬಿಟ್ಟು ಬಿಟ್ಟು ಬರೋ ಕಡೆ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಇ-ಕೋಲಿ, ಸದಾ ಬರೋ ಕಡೆ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಅದೇ ಊರು! 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಮಕ್ಕಳ ಭೇದಿಯಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅಂತ ಪ್ರಾಮಾಣಿಕವಾಗಿಯೇ ಹೇಳ್ತು. ಆದ್ರೆ ಟೈಫಾಯ್ಡ್ ಮಾತ್ರ ಸ್ಪಷ್ಟವಾಗಿ ಕಮ್ಮಿ ಇತ್ತು.

ಟೈಫಾಯ್ಡ್ ಅನ್ನೋ ಪದ ಓದಿದಾಗ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನನ್ನ ತಂಗಿ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅಪ್ಪನ ಕೆಲಸದ ಮೇಲೆ ನಾವು ಬೇರೆ ಜಿಲ್ಲೆಯ ಒಂದು ಊರಿನಲ್ಲಿದ್ವಿ. ಹೆಸರು ಬೇಡ. ಬೀದಿಯ ಕೊನೇ ಮನೆ ನಮ್ಮದು. ನಲ್ಲಿ ಬಂದಾಗ ಮೊದಲ ಎರಡು ಕೊಡ ಕಂದು ಬಣ್ಣ, ಅದನ್ನು ಅಮ್ಮ ಗಿಡಕ್ಕೆ ಹಾಕ್ತಿದ್ರು. ಮೂರನೇ ಕೊಡ ತಿಳಿಯಾಗಿರ್ತಿತ್ತು, ಅದು ಕುಡಿಯೋಕೆ. ಪರೀಕ್ಷೆಗೆ ತಿಂಗಳಿದೆ ಅನ್ನುವಾಗ ತಂಗಿಗೆ ಜ್ವರ ಶುರುವಾಯ್ತು. ಹದಿನೇಳು ದಿನ ಬಿಡಲಿಲ್ಲ. ಅಪ್ಪ ವಿಚಾರಿಸೋಕೆ ಹೋದ್ರೆ ಸಿಕ್ಕ ಉತ್ತರ, "ನಾವು ದಿನಾ ಕ್ಲೋರಿನ್ ಹಾಕ್ತೀವಿ ಸಾರ್, ಬುಕ್ಕಲ್ಲಿ ಬರೆದಿದೀವಿ ನೋಡಿ." ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಟ್ಯಾಂಕಿಗೆ ಹಾಕಿದ್ದರೂ ಹಾಕಿರಬಹುದು. ನಮ್ಮ ನಲ್ಲಿಗೆ ಬಂದು ನೋಡಿದವರು ಯಾರೂ ಇರಲಿಲ್ಲ, ಅಷ್ಟೇ. ತಂಗಿ ಆ ವರ್ಷ ಪೂರಕ ಪರೀಕ್ಷೆ ಬರೆದಳು.

2022ರಲ್ಲಿ ರಾಯಚೂರು, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, 2024ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿ... ಪ್ರತಿ ಸಲವೂ ಕಲುಷಿತ ನೀರಿನ ಸುದ್ದಿ, ಪ್ರತಿ ಸಲವೂ ಸಾವು. ಆಮೇಲೆ ಒಂದು ವಾರ ಊರೆಲ್ಲ ಬ್ಲೀಚಿಂಗ್ ಪೌಡರ್.

ಇನ್ನೊಂದು ಕಡೆ 2025ರ ಮೇ ಕೊನೆಯಲ್ಲಿ ಗುಬ್ಬಿ ಕಡೆ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ವಿರುದ್ಧ ಭಾರೀ ಪ್ರತಿಭಟನೆ ಆಯ್ತು. ನಮ್ಮ ಪಾಲು ಕುಣಿಗಲ್ ಕಡೆ ಹೋಗುತ್ತೆ ಅಂತ ಗುಬ್ಬಿಯವರು, ನಮ್ಮ ಪಾಲು ನಮಗೆ ಬಂದೇ ಇಲ್ಲ ಅಂತ ಕುಣಿಗಲ್‌ನವರು. ಎರಡೂ ಕಡೆ ನಮ್ಮ ನೆಂಟರಿದ್ದಾರೆ, ಹಾಗಾಗಿ ಆ ಜಗಳಕ್ಕೆ ನಾನು ಬರಲ್ಲ :) ಆ ಸಿಟ್ಟು ಸುಳ್ಳಲ್ಲ, ಬರ ಕಂಡ ಜನರ ಸಿಟ್ಟು. ಆದ್ರೆ ಟಿಎಂಸಿಗೆ ಹೆದ್ದಾರಿಗೆ ಬರೋ ನಾವು ಮಿಲಿಗ್ರಾಂ ಕೇಳೋಕೆ ವಾರ್ಡಿನ ಕಚೇರಿಗೂ ಹೋಗಲ್ಲ. ಅದೇನು ಬೆಟ್ಟದಷ್ಟು ಕೇಳೋದೂ ಅಲ್ಲ. ಇಪ್ಪತ್ತು ಲೀಟರ್ ಕ್ಯಾನಿಗೆ ನಾಲ್ಕು ಮಿಲಿಗ್ರಾಂ ಕ್ಲೋರಿನ್, ಒಂದು ಅಕ್ಕಿಕಾಳಿನ ಐದನೇ ಒಂದು ಪಾಲಿನಷ್ಟು.

ಅಜ್ಜಿ ಊರಿನಲ್ಲಿ ಸಂಜೆ ಒಂದು ತಮಾಷೆ ನಡೀತು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡೋ ಏರ್ಪಾಡಿದೆ. ಹಿಂದಿನ ಬೀದಿಯ ಅಕ್ಕ ಒಬ್ಬರು ಆ ಐವರಲ್ಲಿ ಒಬ್ಬರು. ನನ್ನ ಕುತೂಹಲ ನೋಡಿ ಡಬ್ಬ ತಂದ್ರು. ಓವರ್‌ಹೆಡ್ ಟ್ಯಾಂಕಿನ ಹತ್ತಿರದ ನಲ್ಲಿ ನೀರಿಗೆ ಪುಡಿ ಹಾಕಿ ಅಲ್ಲಾಡಿಸಿದ್ರೆ ಚೆನ್ನಾಗಿ ಗುಲಾಬಿ ಬಣ್ಣ. ಬೀದಿ ಕೊನೆಯ ನಮ್ಮಜ್ಜಿ ಮನೆ ನಲ್ಲಿಯಲ್ಲಿ ತಿಳಿ ಗುಲಾಬಿ. "ಇದೆ ಕಣಪ್ಪಾ, ಚೂರು ಇದೆ" ಅಂತ ಅಕ್ಕ ಬಣ್ಣದ ಪಟ್ಟಿ ಪಕ್ಕ ಹಿಡಿದು ತೋರಿಸಿದ್ರು. ಆಮೇಲೆ ನಾನೇ ಕೇಳಿ, ಅಜ್ಜಿಯ ಕ್ಯಾನಿನ ಫಿಲ್ಟರ್ ನೀರಿಗೂ ಹಾಕಿಸಿದೆ. ಬಣ್ಣವೇ ಬರಲಿಲ್ಲ. ಆ ಯಂತ್ರ ಫ್ಲೋರೈಡಿನ ಜೊತೆ ಕ್ಲೋರಿನ್ನನ್ನೂ ತೆಗೆದುಬಿಡುತ್ತೆ. ಆಮೇಲೆ ಕ್ಯಾನಿನೊಳಗೆ, ಲೋಟದೊಳಗೆ, ಯಾರದ್ದೋ ಬೆರಳಿನಿಂದ ಏನು ಸೇರಿದರೂ ತಡೆಯೋಕೆ ಏನೂ ಉಳಿದಿರಲ್ಲ.

ಇದನ್ನೆಲ್ಲ ವಿವರಿಸೋಕೆ ನಾನು ಬಾಯಿ ತೆಗೆಯೋದರೊಳಗೆ ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಮೂರು ಟ್ಯೂಬನ್ನೂ ನೋಡಿ, ಕೊನೆಯದನ್ನು ಎತ್ತಿ ಹಿಡಿದು ಅಂದ್ರು, "ನೋಡ್ದಾ? ಇದೊಂದೇ ಸ್ವಚ್ಛವಾಗಿರೋದು!"