ಪ್ಲೇಟಿನ ಶ್ರುತಿ, ಫೈಲಿನ ಶ್ರುತಿ

ಗ್ರಾಮೋಫೋನ್ ರೆಕಾರ್ಡಿಗೆ ನಮ್ಮ ಮನೆಮಾತಿನ ಹೆಸರು ‘ಪ್ಲೇಟು’. ತಮಿಳಿನವರು ‘ಇಸೈತ್ತಟ್ಟು’ ಅಂದರು, ಸಂಗೀತದ ತಟ್ಟೆ. ಕ್ಯಾಸೆಟ್ಟು ನಮ್ಮಲ್ಲಿ ‘ಧ್ವನಿಸುರುಳಿ’ ಆಯಿತು. ಡೌನ್‌ಲೋಡ್ ಮಾಡಿಕೊಂಡ ಹಾಡಿಗೆ ಮಾತ್ರ ಇಂಥ ಆಕಾರದ ಹೆಸರಿಲ್ಲ, ಏಕೆಂದರೆ ಅದಕ್ಕೆ ಆಕಾರವೇ ಇಲ್ಲ. ಪ್ಲೇಟಿನ ನಾದ ತುಂಬಿದ್ದು, ಎಂಪಿ3 ಸಪ್ಪೆ ಎಂದು ಚೆನ್ನೈನ ಸಂಗೀತಪ್ರಿಯರು ವಾದಿಸುವಾಗ ಈ ಮಾತು ನೆನಪಿಡಬೇಕು.

ಭಾರತದಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿದ. ಕೆಲವೇ ವರ್ಷಗಳಲ್ಲಿ ಕರ್ನಾಟಕ ಸಂಗೀತವೂ ಪ್ಲೇಟಿಗೇರಿತು. ನಂಜನಗೂಡಿನಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ ಬೆಂಗಳೂರು ನಾಗರತ್ನಮ್ಮನವರ ಕಂಠವೂ ಹೀಗೆ ಉಳಿಯಿತು. ಆಗ ಮೈಕು ಇರಲಿಲ್ಲ. ಕಹಳೆಯಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡಬೇಕು. ತಂಬೂರದ ನವಿರಾದ ಝೇಂಕಾರ ಅದಕ್ಕೆ ದಕ್ಕುತ್ತಿರಲಿಲ್ಲ. ಹತ್ತು ಇಂಚಿನ ಪ್ಲೇಟಿನ ಒಂದು ಮುಖಕ್ಕೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಯುವ ರಾಗ ಆ ಮೂರು ನಿಮಿಷಕ್ಕೆ ಮೈ ಮುದುಡಿಕೊಂಡಿತು.

1925ರ ಹೊತ್ತಿಗೆ ಮೈಕಿನ ಮುದ್ರಣ ಬಂತು, ಧ್ವನಿ ತಿಳಿಯಾಯಿತು. 1930ರ ದಶಕದಲ್ಲಿ ಎ.ವಿ. ಮೆಯ್ಯಪ್ಪನ್ ಅವರ ಸರಸ್ವತಿ ಸ್ಟೋರ್ಸ್ ಮದರಾಸಿನಿಂದ ಓಡಿಯನ್ ಪ್ಲೇಟುಗಳನ್ನು ಹೊರತಂದಿತು. ಪ್ಲೇಟಿನ ವ್ಯಾಪಾರದಿಂದ ಬಂದ ಮನುಷ್ಯನೇ ಮುಂದೆ ಎ.ವಿ.ಎಂ. ಸ್ಟುಡಿಯೊ ಕಟ್ಟಿದ.

ಪ್ಲೇಟಿನ ಅಭಿಮಾನಿಗಳು ಹೆಚ್ಚಾಗಿ ಮರೆಯುವ ಸಂಗತಿ ಇನ್ನೊಂದಿದೆ. ನಾವು ‘78 ಆರ್‌ಪಿಎಂ’ ಎಂದು ಕರೆಯುವ ಆರಂಭ ಕಾಲದ ಪ್ಲೇಟುಗಳೆಲ್ಲ 78ರ ವೇಗದಲ್ಲೇ ಮುದ್ರಣಗೊಂಡವಲ್ಲ. ವೇಗ ಒಂದೊಂದು ಕಡೆ ಒಂದೊಂದು ತೆರನಾಗಿತ್ತು. 74ರ ವೇಗದಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆ ಏರುತ್ತದೆ, ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಪಕ್ಕದ ಕರಿ ಮನೆಗೆ ಹೋದಷ್ಟು. ಮೂರು ನಿಮಿಷದ ಹಾಡು 2 ನಿಮಿಷ 51 ಸೆಕೆಂಡಿಗೆ ಮುಗಿಯುತ್ತದೆ. ಕಾಲಪ್ರಮಾಣ ಚುರುಕಾಗುತ್ತದೆ, ಕಂಠ ತೆಳುವಾಗುತ್ತದೆ. ಆಗಿನವರ ಶ್ರುತಿ ಎಷ್ಟು ಮೇಲಿತ್ತು ಎಂದು ನಾವು ಬೆರಗಾಗುವಾಗ, ಆ ಎತ್ತರದಲ್ಲಿ ಗಾಯಕಿಯದೆಷ್ಟು, ಯಂತ್ರದ್ದೆಷ್ಟು?

ಪ್ಲೇಟು ಕೈಯಲ್ಲಿದ್ದರೆ ಈ ಪ್ರಶ್ನೆ ಕೇಳಬಹುದು. ಲೇಬಲ್ಲಿದೆ, ಅದರ ಬಳಿ ಒತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ ಇದೆ, ವೇಗ ಬದಲಿಸಿ ಮತ್ತೆ ಕೇಳಬಹುದು. ಯಾರೋ ಒಮ್ಮೆ ತಪ್ಪು ವೇಗದಲ್ಲಿ ನುಡಿಸಿ ಫೈಲು ಮಾಡಿದರೆ ಆ ತಪ್ಪೇ ಸಾವಿರ ಪ್ರತಿಗಳಾಗಿ ಹರಡುತ್ತದೆ, ಮೂಲದ ಗುರುತೊಂದೂ ಜೊತೆಗೆ ಬರುವುದಿಲ್ಲ.

ಹಾಗೆಂದು ಡಿಜಿಟಲ್ ಅನ್ನು ಬೈಯಬೇಕಿಲ್ಲ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇದ್ದರೆ, 128ರ ಎಂಪಿ3ಯಲ್ಲಿ ಅದರ ಹನ್ನೊಂದನೇ ಒಂದು ಪಾಲು. ಜೋರು ಸದ್ದು ಮೆಲುಸದ್ದನ್ನು ಮರೆಮಾಡುತ್ತದೆ ಎಂಬ ಲೆಕ್ಕದಲ್ಲಿ, ಕಿವಿಗೆ ಕೇಳದು ಎನಿಸಿದ್ದನ್ನು ಅದು ಬಿಡುತ್ತದೆ. ಬಿಟ್ ದರ ಕಡಿಮೆಯಾದಷ್ಟೂ ಮೃದಂಗದ ಚಾಪಿನ ಮೊನೆ ಮೊಂಡಾಗುತ್ತದೆ, ತಂಬೂರದ ಮೇಲುಸ್ವರಗಳು ಸವೆಯುತ್ತವೆ. 320ಕ್ಕೆ ಬಂದರೆ, ಯಾವುದೆಂದು ಹೇಳದೆ ಕೇಳಿಸಿದಾಗ ಸಿ.ಡಿ.ಗೂ ಅದಕ್ಕೂ ವ್ಯತ್ಯಾಸ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಪ್ಲೇಟಿನ ‘ಬೆಚ್ಚನೆಯ ನಾದ’ದಲ್ಲೂ ಮುಳ್ಳಿನ ಸವಕಳಿ, ಮೇಲುಸ್ವರಗಳ ಕೊರತೆ ಬೆರೆತಿವೆ. ನಾವು ಮೊದಲು ಯಾವುದರಲ್ಲಿ ಕೇಳಿದೆವೋ ಅದೇ ನಮಗೆ ಅಸಲಿ.

ನಮ್ಮ ಹಳೆಯ ಚಿತ್ರಗೀತೆಗಳಿಗೂ ಇದೇ ಮಾತು. ಬೆಂಗಳೂರಿಗೆ ಮುದ್ರಣ ಬರುವ ಮೊದಲು ಕನ್ನಡ ಹಾಡುಗಳು ಬಹುಪಾಲು ಮದರಾಸಿನ ಥಿಯೇಟರುಗಳಲ್ಲೇ ತಯಾರಾದವು. ಒಂದೇ ಹಾಡು ಪ್ಲೇಟಿನಲ್ಲಿ, ಚಿತ್ರದ ರೀಲಿನಲ್ಲಿ, ಮುಂದೆ ಕ್ಯಾಸೆಟ್ಟಿನಲ್ಲಿ ಬೇರೆಬೇರೆಯಾಗಿ ಬದುಕಿತು. ಇಂದಿನ ಡೌನ್‌ಲೋಡು ಇವುಗಳಲ್ಲಿ ಯಾವುದರ ಮಗು ಎಂದು ಫೈಲಿನ ಹೆಸರು ಹೇಳುವುದಿಲ್ಲ.

ಚೆನ್ನೈನಲ್ಲಿ ವಿ.ಎ.ಕೆ. ರಂಗರಾವ್ ಅಂಥವರು ಹತ್ತಾರು ಸಾವಿರ ಪ್ಲೇಟುಗಳನ್ನು ಕಾಪಾಡಿದ್ದರ ಬೆಲೆ ಇಲ್ಲಿದೆ. ಅದು ಹಳೆಯದರ ಮೋಹವಷ್ಟೇ ಅಲ್ಲ, ಸಾಕ್ಷಿಯ ರಕ್ಷಣೆ. ಮನೆಯ ಅಟ್ಟದ ಪ್ಲೇಟನ್ನು ಫೈಲು ಮಾಡಿಸುವವರು ಲೇಬಲ್ಲಿನ ಫೋಟೊ, ಮ್ಯಾಟ್ರಿಕ್ಸ್ ಸಂಖ್ಯೆ, ನುಡಿಸಿದ ವೇಗ ಇಷ್ಟನ್ನು ಜೊತೆಗೆ ಬರೆದಿಡಲಿ. ಪ್ಲೇಟನ್ನು ಮಾತ್ರ ಗುಜರಿಗೆ ಹಾಕದಿರಲಿ. ಮುಂದೆ ಯಾರಾದರೂ ಶ್ರುತಿ ಸರಿಪಡಿಸಲು ಹೊರಟರೆ ಅವರಿಗೆ ಬೇಕಾಗುವುದು ಅದೇ.