ನಿಯಮದ ಪಕ್ಕದ ಷರಾ: ಜಾಲ ಸಂಚಾರ ಸೋಸುವಿಕೆಯ ಇತಿಹಾಸದಲ್ಲಿ ಗಮನಕ್ಕೆ ಬಾರದ ಒಂದು ಅಂಶ

ತಾಲ್ಲೂಕು ಕಚೇರಿಯ ವಹಿಗಳಲ್ಲಿ ಕೊನೆಗೊಂದು ‘ಷರಾ’ ಕಾಲಂ ಇರುವುದು ವಾಡಿಕೆ. ನಮೂದು ಯಾಕೆ ಬದಲಾಯಿತು, ಯಾರ ಆದೇಶದ ಮೇಲೆ ಬದಲಾಯಿತು ಎಂಬುದನ್ನು ಅಲ್ಲಿ ಬರೆಯುತ್ತಾರೆ. ಜಾಲ ಸಂಚಾರವನ್ನು ಸೋಸುವ ಫೈರ್‌ವಾಲ್ ನಿಯಮಗಳಿಗೆ ಈ ಕಾಲಂ ಬಹುಕಾಲ ಇರಲಿಲ್ಲ. ಅವುಗಳ ಇತಿಹಾಸ ಬರೆದವರು ವೇಗ, ಭದ್ರತೆಗಳನ್ನು ಚರ್ಚಿಸಿದಷ್ಟು ಈ ಕೊರತೆಯನ್ನು ಚರ್ಚಿಸಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮಟ್ಟಿಗೆ ಇದು ದೂರದ ವಿಷಯವಲ್ಲ. ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಪಹಣಿ ಗಣಕಕ್ಕೇರಿದಾಗ ಈ ನಾಲ್ಕೂ ಅದರಲ್ಲಿದ್ದವು. 2005ರ ಮಾರ್ಚ್‌ನಲ್ಲಿ ಕೇಂದ್ರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕ ಕೊಡುವ ಗುರಿ ಇಟ್ಟುಕೊಂಡಿತ್ತು. ಜಾಲ ಬಂದಲ್ಲಿ ಯಾವ ಪ್ಯಾಕೆಟ್ ಒಳಗೆ, ಯಾವುದು ಹೊರಗೆ ಎಂಬ ಪಟ್ಟಿಯೂ ಬರುತ್ತದೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಕೂದಲು ವ್ಯಾಪಾರದ ಅಂಗಡಿಯೊಂದರ ವೈಫೈ ಪೆಟ್ಟಿಗೆಯೊಳಗೂ ಲಿನಕ್ಸ್ ಇದ್ದರೆ ಅಂಥದೊಂದು ಪಟ್ಟಿ ಓಡುತ್ತಿರುತ್ತದೆ; ಅಂಗಡಿಯವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಪ್ಯಾಕೆಟ್ ಸೋಸುವ ಯಂತ್ರಾಂಗವನ್ನು ಮೊಗಲ್, ರಶೀದ್, ಅಕ್ಸೆಟ್ಟಾ 1987ರಲ್ಲಿ ವಿವರಿಸಿದರು. ಅದರ ಉದ್ದೇಶ ಕಾವಲಲ್ಲ, ಬಂದ ಪ್ಯಾಕೆಟ್ಟನ್ನು ಸರಿಯಾದ ಪ್ರೋಗ್ರಾಮಿಗೆ ತಲುಪಿಸುವುದು. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಎಂಬ ಕುತಂತ್ರಾಂಶ ಅಂತರ್ಜಾಲದಲ್ಲಿ ಹಬ್ಬಿದ ಮೇಲೆ ಕಾವಲಿನ ಮಾತು ಜೋರಾಯಿತು. ಸಿಸ್ಕೊ ರೌಟರ್‌ಗಳಲ್ಲಿ ಸಂಖ್ಯೆ ಹಚ್ಚಿದ ಪಟ್ಟಿಗಳು ಬಳಕೆಗೆ ಬಂದವು. ಕಡತದಲ್ಲಿ ಉದ್ಗಾರ ಚಿಹ್ನೆ ಹಾಕಿ ಬರೆದ ಟಿಪ್ಪಣಿಯನ್ನು ರೌಟರ್ ಓದುವಾಗಲೇ ಬಿಟ್ಟುಬಿಡುತ್ತಿತ್ತು. ಐಓಎಸ್ 12.0(2)ಟಿ ಆವೃತ್ತಿಯಲ್ಲಿ ‘ರಿಮಾರ್ಕ್’ ಆದೇಶ ಬಂದ ಮೇಲಷ್ಟೇ ಪಟ್ಟಿಯೊಳಗೆ ನೂರು ಅಕ್ಷರದ ಷರಾ ಉಳಿಯತೊಡಗಿತು.

ಲಿನಕ್ಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಬಿಎಸ್‌ಡಿಯ ಐಪಿಎಫ್‌ಡಬ್ಲ್ಯೂವನ್ನು ಆಲನ್ ಕಾಕ್ಸ್ 1994ರಲ್ಲಿ ಲಿನಕ್ಸ್‌ಗೆ ತಂದರು. ಆಮೇಲೆ ಐಪಿಎಫ್‌ಡಬ್ಲ್ಯೂಎಡಿಎಂ, 1999ರ 2.2 ಕರ್ನೆಲ್‌ನೊಂದಿಗೆ ಐಪಿಚೈನ್ಸ್, 2001ರ ಜನವರಿಯ 2.4ರೊಂದಿಗೆ ರಸ್ಟಿ ರಸೆಲ್ ಆರಂಭಿಸಿದ ನೆಟ್‌ಫಿಲ್ಟರ್ ಯೋಜನೆಯ ಐಪಿಟೇಬಲ್ಸ್. ಇದೇ 2001ರಲ್ಲಿ ಬೆಂಗಳೂರಿನಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯಿತು. ಅದು ‘ಫಾಸ್ ಡಾಟ್ ಇನ್’ ಆಗಿ ಬೆಳೆದ ವರ್ಷಗಳಲ್ಲಿ ನೆಟ್‌ಫಿಲ್ಟರ್ ತಂಡದ ಹೆರಾಲ್ಡ್ ವೆಲ್ಟೆ ಹಲವು ಸಲ ಬಂದು ಮಾತನಾಡಿದ್ದಾರೆ. ಹಾಗಾಗಿ ಈ ಉಪಕರಣವನ್ನು ಕಟ್ಟಿದವರ ಬಾಯಿಂದಲೇ ಕೇಳುವ ಅವಕಾಶ ಕರ್ನಾಟಕದ ಕೆಲಸಗಾರರಿಗೆ ಇತ್ತು.

ಐಪಿಟೇಬಲ್ಸ್‌ನ ನಿಯಮದಲ್ಲಿ ಎರಡು ಭಾಗ: ಹೊಂದಿಕೆಯ ಷರತ್ತುಗಳು, ಆಮೇಲೆ ತೀರ್ಪು. ಷರಾಕ್ಕೆ ಜಾಗವೇ ಇಲ್ಲ. ಬ್ರಾಡ್ ಫಿಶರ್ ಬರೆದ ‘ಕಾಮೆಂಟ್’ ಮಾಡ್ಯೂಲ್ ಈ ಇಕ್ಕಟ್ಟಿನಿಂದ ಪಾರಾದ ಬಗೆ ವಿಚಿತ್ರ: ಟಿಪ್ಪಣಿಯೇ ಷರತ್ತಿನ ವೇಷ ಹಾಕಿತು. ಮಿಕ್ಕ ಮಾಡ್ಯೂಲ್‌ಗಳು ಪೋರ್ಟ್ ನೋಡುತ್ತವೆ, ವಿಳಾಸ ನೋಡುತ್ತವೆ. ಇದು ಪ್ಯಾಕೆಟ್ಟಿನಲ್ಲಿ ಏನನ್ನೂ ನೋಡುವುದಿಲ್ಲ. ಕೇಳಿದಾಗಲೆಲ್ಲ ‘ಹೌದು’ ಎನ್ನುತ್ತದೆ. ಮನುಷ್ಯರು ಓದಲೆಂದು ಬರೆದ ಮಾತನ್ನು ಕರ್ನೆಲ್ ಪ್ರತಿ ಪ್ಯಾಕೆಟ್ಟಿಗೂ ಒಮ್ಮೆ ದಾಟಿ ಹೋಗಬೇಕು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ಜಾಣ ತೇಪೆ ಇದೇ. ಇದರಿಂದ ಸಿಕ್ಕ ಲಾಭವೂ ಸಣ್ಣದಲ್ಲ: ನಿಯಮಗಳನ್ನು ಉಳಿಸಿ ಮತ್ತೆ ಏರಿಸಿದರೂ ಷರಾ ಜೊತೆಗೇ ಇರುತ್ತದೆ. ಶೆಲ್ ಸ್ಕ್ರಿಪ್ಟಿನಲ್ಲಿ ಹ್ಯಾಶ್ ಗುರುತಿನ ಮುಂದೆ ಬರೆದದ್ದಕ್ಕೆ ಆ ಭಾಗ್ಯವಿಲ್ಲ. ಸ್ಕ್ರಿಪ್ಟ್ ಕಳೆದರೆ ಕಾರಣವೂ ಕಳೆಯಿತು.

ಪ್ಯಾಟ್ರಿಕ್ ಮ್ಯಾಕ್‌ಹಾರ್ಡಿ 2009ರಲ್ಲಿ ಪ್ರಕಟಿಸಿ, 2014ರ ಜನವರಿಯಲ್ಲಿ 3.13 ಕರ್ನೆಲ್‌ನೊಂದಿಗೆ ಹೊರಬಂದ ಎನ್‌ಎಫ್‌ಟೇಬಲ್ಸ್‌ನಲ್ಲಿ ವೇಷ ಕಳಚಿತು. ಇಲ್ಲಿ ಟಿಪ್ಪಣಿ ಷರತ್ತಲ್ಲ, ನಿಯಮಕ್ಕೆ ಕಟ್ಟಿದ ಪ್ರತ್ಯೇಕ ಮಾಹಿತಿ. ಆದರೆ ಹಳೆಯದರ 256 ಬೈಟ್ ಮಿತಿ ಇಲ್ಲಿ 128ಕ್ಕೆ ಇಳಿಯಿತು.

ಕನ್ನಡದಲ್ಲಿ ಬರೆಯುವವರಿಗೆ ಈ ಮಿತಿ ನೇರವಾಗಿ ತಟ್ಟುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್. ಕಾಗುಣಿತದ ಗುರುತು, ಒತ್ತಕ್ಷರದ ನಡುವಿನ ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಭಾಗ್ಯನಗರ’ ಕಣ್ಣಿಗೆ ಐದೇ ಅಕ್ಷರ, ಲೆಕ್ಕದಲ್ಲಿ 24 ಬೈಟ್. ‘ಕುಷ್ಟಗಿ ಕಚೇರಿಯ ಪ್ರಿಂಟರ್‌ಗೆ ಮಾತ್ರ, ಜೂನ್‌ವರೆಗೆ’ ಎಂಬ ಷರಾ 122 ಬೈಟ್ ನುಂಗುತ್ತದೆ. ಪ್ರಿಂಟರ್ ಮತ್ತು ‘ಗೆ’ ನಡುವೆ ಅಡಗಿರುವ, ಅಕ್ಷರ ಕೂಡದಂತೆ ತಡೆಯುವ ಕಾಣದ ಸಂಕೇತವೂ ಅದರಲ್ಲಿ ಮೂರು ಬೈಟ್ ತಿಂದಿದೆ. ಅನುಮತಿ ಕೊಟ್ಟವರ ಹೆಸರಿಗೆ ಜಾಗ ಉಳಿಯುವುದಿಲ್ಲ. ಐಪಿಟೇಬಲ್ಸ್‌ನಲ್ಲಿ ಲಾಗಿನ ಸಾಲಿಗೆ ಹಚ್ಚುವ ಮುನ್ನುಡಿಯ ಪಾಡು ಇನ್ನೂ ಕಷ್ಟ: 29 ಬೈಟಿನಲ್ಲಿ ಊರಿನ ಹೆಸರು ಬರೆದರೆ ಮುಗಿಯಿತು.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ತಡೆದ ಪ್ಯಾಕೆಟ್ಟಿನ ಸಮಯ ಅದರಿಂದ ಸಿಗುತ್ತದೆ, ತಡೆದ ಕಾರಣ ಸಿಗುವುದಿಲ್ಲ. ಆದ್ದರಿಂದ ಷರಾದಲ್ಲಿ ಕಡತದ ಸಂಖ್ಯೆಯನ್ನಷ್ಟೇ ಹಾಕಿ, ಕಾರಣ, ಅವಧಿ, ಒಪ್ಪಿಗೆ ಕೊಟ್ಟವರ ಹುದ್ದೆ ಇವನ್ನೆಲ್ಲ ಗಿಟ್‌ನಲ್ಲಿಟ್ಟ ನಿಯಮಗಳ ಕಡತದಲ್ಲಿ ವಿಸ್ತಾರವಾಗಿ ಕನ್ನಡದಲ್ಲೇ ಬರೆಯುವುದು ಸದ್ಯಕ್ಕೆ ನಡೆಯುವ ದಾರಿ. ಹ್ಯಾಶ್ ಗುರುತಿನ ಟಿಪ್ಪಣಿಗೆ ಅಲ್ಲಿ ಬೈಟುಗಳ ಈ ಮಿತಿ ಇಲ್ಲ.